ಎರಡು ವರ್ಷ ಜಿಮ್ ಮಾಡಿದರೂ ಬಾದಾಮಿ ಗುಡ್ಡ ಇಳಿಯುವಾಗ ಕಾಲು ನಡುಗಿತು. ಎಲ್ಲಿ ತಪ್ಪಿದೆ?

ಗುಮ್ಮಟದೂರಿನವ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ ಹೇಳಿ.

ನನಗೆ 34 ವರ್ಷ. ಆಫೀಸಿನಲ್ಲಿ ಕುಳಿತು ಮಾಡುವ ಕೆಲಸ. ಎರಡು ವರ್ಷದಿಂದ ವಾರಕ್ಕೆ ಐದು ದಿನ ಬಿಡದೆ ಜಿಮ್‌ಗೆ ಹೋಗುತ್ತಿದ್ದೇನೆ. ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು) 90 ಕೆ.ಜಿ.ಗೆ ಬಂದಿದೆ, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) 110. ಮೊದಲು ಸ್ವಲ್ಪ ಓಡಾಡಿದರೂ ಸೊಂಟ ಹಿಡಿಯುತ್ತಿತ್ತು, ಈಗ ಅದಿಲ್ಲ. ಜಿಮ್ ನನಗೆ ಒಳ್ಳೆಯದು ಮಾಡಿದೆ, ಅದರಲ್ಲಿ ಅನುಮಾನ ಇಲ್ಲ.

ಹೋದ ಭಾನುವಾರ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಮೇಣಬಸದಿಯ ಗುಹೆಗಳನ್ನು ನೋಡಿದೆವು. ಆಮೇಲೆ ಅಗಸ್ತ್ಯ ತೀರ್ಥದ ಆಚೆ ದಂಡೆಗೆ ಹೋಗಿ, ಮ್ಯೂಸಿಯಂ ಪಕ್ಕದಿಂದ ಬಂಡೆಯ ಸೀಳಿನಲ್ಲಿ ಹಾಯ್ದು ಮೇಲಿನ ಶಿವಾಲಯದ ತನಕ ಹತ್ತಿದೆವು. ಹತ್ತುವಾಗಲೇ ಎರಡು ಸಲ ನಿಂತು ಸುಧಾರಿಸಿಕೊಂಡೆ. ಇಳಿಯುವಾಗ ಮಾತ್ರ ತೊಡೆ ಎರಡೂ ಗಡಗಡ ನಡುಗತೊಡಗಿದವು. ಎತ್ತರದ ಮೆಟ್ಟಿಲಿಗೆ ಕಾಲು ಇಟ್ಟರೆ ಹಿಡಿತವೇ ಇಲ್ಲ. ಕೊನೆಗೆ ಮಗಳೇ ನನ್ನ ಕೈ ಹಿಡಿದುಕೊಂಡು ಇಳಿದಳು. ಎರಡು ದಿನ ಮನೆಯ ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯಬೇಕಾಯಿತು.

ಮೇಲೆ ನಿಂತಿದ್ದಾಗ ಅವಳು ಬಂಡೆಗಳ ಸಾಲಿನ ಕಡೆ ಕೈ ತೋರಿಸಿ, ‘ಅಪ್ಪಾ, ಈ ಗುಡ್ಡದ ಹಿಂದೆ ಏನಿದೆ?’ ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅಲ್ಲಿಗೆ ಕರೆದುಕೊಂಡು ಹೋಗುವ ಶಕ್ತಿ ಆ ಹೊತ್ತು ನನ್ನ ಕಾಲಲ್ಲಿ ಇರಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

90 ಕೆ.ಜಿ. ಎತ್ತುವ ಕಾಲು ನನ್ನದೇ 74 ಕೆ.ಜಿ. ಮೈಯನ್ನು ಗುಡ್ಡ ಇಳಿಸಲು ಯಾಕೆ ಸೋತಿತು? ಜಿಮ್ ಬಿಟ್ಟು ಬರೀ ನಡೆಯಬೇಕಾ? ಅಥವಾ ಜಿಮ್ಮಿನಲ್ಲೇ ಏನಾದರೂ ಬದಲಿಸಬೇಕಾ?

ಟಿಳಕವಾಡಿ ಟ್ರೇನರ್ (ಬೆಳಗಾವಿ)

ಜಿಮ್ ಬಿಡಬೇಡಿ. ನಿಮ್ಮ ಹತ್ತಿರ ಶಕ್ತಿ ಇದೆ. ಅದು ಗುಡ್ಡಕ್ಕೆ ಬೇಕಾದ ರೂಪದಲ್ಲಿ ಇಲ್ಲ, ಅಷ್ಟೇ.

ಒಂದು ಸೆಟ್ ಸ್ಕ್ವಾಟ್‌ಗೆ ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಆಮೇಲೆ ಮೂರು ನಿಮಿಷ ಕೂರುತ್ತೀರಿ. ಗುಡ್ಡದಲ್ಲಿ ಹಾಗೆ ಕೂರಲು ಆಗುವುದಿಲ್ಲ. ಎರಡು ಗಂಟೆ, ಮೂರು ಗಂಟೆ ಸಣ್ಣ ಸಣ್ಣ ಭಾರವನ್ನು ಒಂದೊಂದೇ ಕಾಲಿನಲ್ಲಿ ಎತ್ತುತ್ತಲೇ ಇರಬೇಕು. ‘ಒಂದೊಂದೇ ಕಾಲು’ ಅನ್ನುವುದನ್ನು ಗಮನಿಸಿ. ಬಾರ್ ಹೊತ್ತಾಗ ಎರಡೂ ಪಾದ ಸಮ ನೆಲದ ಮೇಲಿರುತ್ತವೆ. ಬಂಡೆಯ ಮೇಲೆ ಒಂದು ಪಾದ ಓರೆಯಾಗಿ, ಇನ್ನೊಂದು ಗಾಳಿಯಲ್ಲಿ.

ಇನ್ನು ಇಳಿಯುವ ವಿಷಯ. ಇದೇ ಮುಖ್ಯ. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಭಾರವನ್ನು ತಡೆದು ನಿಲ್ಲಿಸಬೇಕು, ಗಾಡಿಗೆ ಬ್ರೇಕ್ ಹಾಕಿದ ಹಾಗೆ. ಹಿಗ್ಗುತ್ತಾ ಭಾರ ತಡೆಯುವ ಕೆಲಸವೇ ಸ್ನಾಯುವಿನ ಎಳೆಗಳಿಗೆ ಜಾಸ್ತಿ ಪೆಟ್ಟು ಕೊಡುವುದು. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ನಿಮಗೆ ಎರಡೂ ಆಗಿದೆ. ಅಂದರೆ ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

ನನ್ನ ಜಿಮ್ಮಿಗೆ ಬರುವವರಲ್ಲಿ ಬಹಳ ಜನ ಸ್ಕ್ವಾಟ್ ಮಾಡುವಾಗ ಧಡ್ ಅಂತ ಕೆಳಗೆ ಇಳಿದು, ಪೂರ್ತಿ ಗಮನವನ್ನು ಏಳುವುದಕ್ಕೇ ಕೊಡುತ್ತಾರೆ. ನೀವೂ ಹಾಗೇ ಮಾಡುತ್ತೀರಾ ನೋಡಿ. ಹಾಗಿದ್ದರೆ ಭಾರವನ್ನು 60ಕ್ಕೆ ಇಳಿಸಿ, ಮನಸ್ಸಿನಲ್ಲೇ ನಾಲ್ಕರ ತನಕ ಎಣಿಸುತ್ತಾ ಕೆಳಗೆ ಹೋಗಿ. ಇದರ ಜೊತೆ ಸ್ಟೆಪ್-ಡೌನ್ ಸೇರಿಸಿ. ಒಂದು ಗೇಣು ಎತ್ತರದ ಪೆಟ್ಟಿಗೆಯ ಮೇಲೆ ನಿಂತು, ಒಂದು ಕಾಲನ್ನು ನಿಧಾನವಾಗಿ ಮುಂದೆ ಇಳಿಸಿ ಹಿಮ್ಮಡಿಯನ್ನು ನೆಲಕ್ಕೆ ಸುಮ್ನೆ ಮುಟ್ಟಿಸಿ ಮತ್ತೆ ಮೇಲೆ ಬರುವುದು. ಮೊಣಕಾಲು ಒಳಗೆ ವಾಲಬಾರದು. ಕೈಯಲ್ಲಿ ಏನೂ ಇಲ್ಲದೆ ಹತ್ತು ಸಲ ಮಾಡಿ ನೋಡಿ, ಯಾಕೆ ನಡುಗಿತು ಅಂತ ತೊಡೆಯೇ ಹೇಳುತ್ತದೆ. ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಬಗ್ಗಿಸಿ ಇಳಿಯುವುದು) ಮಾಡುತ್ತಾ ನಡೆಯುವುದು, ಒಂಟಿ ಕಾಲಿನಲ್ಲಿ ಮೀನಖಂಡ ಎತ್ತುವುದು, ಎರಡು ಕೈಯಲ್ಲಿ ಡಂಬೆಲ್ ಹಿಡಿದು ಹಾಲ್‌ನ ಉದ್ದಕ್ಕೂ ನಡೆಯುವುದು, ಇಷ್ಟು ಸಾಕು.

ಉಸಿರಿಗೆ ಟ್ರೆಡ್‌ಮಿಲ್ ಇದೆಯಲ್ಲ, ಅದರ ಇನ್‌ಕ್ಲೈನ್, ಅಂದರೆ ಪಟ್ಟಿಯನ್ನು ಏರಾಗಿಸುವ ಸೌಲಭ್ಯ, ಬಳಸಿ. ಲೆಕ್ಕ ಸುಲಭ. ಗಂಟೆಗೆ 4 ಕಿ.ಮೀ. ವೇಗ, 10 ಪರ್ಸೆಂಟ್ ಏರು, ಅರ್ಧ ಗಂಟೆ. ಅಂದರೆ 2 ಕಿ.ಮೀ. ನಡೆದು 200 ಮೀಟರ್ ಎತ್ತರ ಹತ್ತಿದ ಹಾಗೆ. ಕೈಪಿಡಿ ಹಿಡಿದು ಜೋತುಬಿದ್ದರೆ ಈ ಲೆಕ್ಕ ಕೆಡುತ್ತದೆ. ವೇಗ ಕಡಿಮೆ ಮಾಡಿ, ಆದರೆ ಕೈ ಬಿಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ಉಸಿರು ಇರಬೇಕು. ಮಾತು ತುಂಡಾಗುತ್ತಿದೆ ಅಂದರೆ ಜಾಸ್ತಿ ಆಯಿತು.

ಗರಡಿಮನೆ ಕಾಕಾ (ಮುಧೋಳ)

ತಮ್ಮಾ, ಟ್ರೇನರ್ ಸಾಹೇಬರು ಹೇಳಿದ್ದು ಸರಿ ಇದೆ. ಒಂದು ಮಾತು ನಾನೂ ಸೇರಿಸುತ್ತೇನೆ. ನನಗೆ 61. ಇಪ್ಪತ್ತು ವರ್ಷ ಕುಸ್ತಿ ಆಡಿದವನು. ನಮ್ಮ ತಾಲೀಮಿನಲ್ಲಿ ಭಾರ ಎತ್ತುವುದಕ್ಕಿಂತ ಬಸ್ಕಿ ಜಾಸ್ತಿ. ಬೆಳಗಿನ ಜಾವ ಎದ್ದು ನೂರು, ಇನ್ನೂರು, ಮುನ್ನೂರು. ವಸ್ತಾದರು ಎಣಿಸುತ್ತಾ ನಿಲ್ಲುತ್ತಿದ್ದರು. ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತದೆ, ಭಾರ ಪಾದದ ಮುಂದೆ ಬರುತ್ತದೆ. ಗುಡ್ಡ ಇಳಿಯುವಾಗಲೂ ಅದೇ ತಾನೆ?

ಆ ಬಸ್ಕಿಯ ಕಾಲು ಈಗಲೂ ನನ್ನನ್ನು ಬನಶಂಕರಿ ಜಾತ್ರೆಗೆ ನಡೆಸಿಕೊಂಡು ಹೋಗುತ್ತದೆ. ಬನದ ಹುಣ್ಣಿಮೆಗೆ ನಮ್ಮ ಕಡೆಯಿಂದ ಪಾದಯಾತ್ರೆ ಹೊರಡುವವರಲ್ಲಿ ಜಿಮ್ ಮುಖ ನೋಡದವರೇ ಬಹಳ. ಹೊಲದಲ್ಲಿ ಬಗ್ಗಿ ಎದ್ದು ಕೆಲಸ ಮಾಡಿದ ಮೈ ಅದು. ಮಷೀನಿಲ್ಲದೆಯೂ ಆಗುತ್ತದೆ ಅಂತ ಹೇಳಿದೆ, ಬೇರೆ ಏನಿಲ್ಲ.

ಟಿಳಕವಾಡಿ ಟ್ರೇನರ್ (ಬೆಳಗಾವಿ)

ಕಾಕಾ, ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಹೊಲದಲ್ಲಿ ಬೆಳೆದ ಮೈ ಬೇರೆ, ಹನ್ನೆರಡು ವರ್ಷ ಕುರ್ಚಿಯಲ್ಲಿ ಕುಳಿತ ಮೈ ಬೇರೆ. ಇವರಿಗೆ ಮೊದಲ ದಿನವೇ ಇನ್ನೂರು ಬಸ್ಕಿ ಹೇಳಿದರೆ ಮೊಣಕಾಲು ಊದಿಕೊಳ್ಳುತ್ತದೆ. ಹದಿನೈದರಿಂದ ಶುರು ಮಾಡಲಿ, ವಾರಕ್ಕೆ ಐದೈದು ಏರಿಸಲಿ.

ನವನಗರದ ಅಕ್ಕ (ಬಾಗಲಕೋಟೆ)

ನನ್ನ ಅನುಭವ ಹೇಳುತ್ತೇನೆ. ವಯಸ್ಸು 46, ಇಬ್ಬರು ಮಕ್ಕಳು. ನಾಲ್ಕು ವರ್ಷದ ಹಿಂದೆ ಐಹೊಳೆಗೆ ಹೋದಾಗ ಮೇಗುತಿ ಗುಡಿಯ ಮೆಟ್ಟಿಲು ಹತ್ತಲಾರದೆ ಕೆಳಗೇ ಕುಳಿತಿದ್ದೆ. ಅದೇನು ದೊಡ್ಡ ಗುಡ್ಡವಲ್ಲ. ಮೇಲಿನ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆ, ಕ್ರಿ.ಶ. 634ರದ್ದು, ಇಮ್ಮಡಿ ಪುಲಕೇಶಿಯ ಕಾಲದ್ದು. ಮಕ್ಕಳು ಅದರ ಫೋಟೊ ತಂದು ತೋರಿಸಿದರು. ನಮ್ಮದೇ ಜಿಲ್ಲೆಯ ಗುಡಿಯನ್ನು ಮೊಬೈಲಿನಲ್ಲಿ ನೋಡಬೇಕಾಯಿತಲ್ಲ ಅಂತ ಬಹಳ ಬೇಜಾರಾಯಿತು.

ಜಿಮ್ ಸೇರಿದೆ. ಮೊದಲು ಸೇರಿದ ಕಡೆ ಆರು ತಿಂಗಳು ಸೈಕಲ್ ತುಳಿಸಿದ್ದೇ ತುಳಿಸಿದ್ದು. ‘ನಿಮ್ಮ ವಯಸ್ಸಿಗೆ ವೇಟ್ಸ್ ಬೇಡ ಮೇಡಂ’ ಅನ್ನುತ್ತಿದ್ದರು. ತೂಕ ಮೂರು ಕೆ.ಜಿ. ಇಳಿಯಿತು, ಮೊಣಕಾಲು ನೋವು ಹಾಗೇ ಇತ್ತು. ಬೇರೆ ಕಡೆ ಹೋದೆ. ಅಲ್ಲಿ ಒಬ್ಬ ಹುಡುಗಿ ಟ್ರೇನರ್ ಮೊದಲ ವಾರವೇ ಕೈಗೆ ಡಂಬೆಲ್ ಕೊಟ್ಟಳು. ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲು ಹತ್ತಿ ಇಳಿಯುವುದು, ಮಲಗಿ ಸೊಂಟ ಎತ್ತುವುದು. ಐದು ತಿಂಗಳಿಗೆ ಮೊಣಕಾಲು ತಣ್ಣಗಾಯಿತು. ನನ್ನ ವಯಸ್ಸಿನ ಹೆಂಗಸರು ಯಾರಾದರೂ ಓದುತ್ತಿದ್ದರೆ ಇದನ್ನು ನೆನಪಿಡಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಸವೆಯುತ್ತದೆ. ಭಾರ ಎತ್ತುವ ವ್ಯಾಯಾಮ ಮೂಳೆಗೂ ಬೇಕು.

ಈಗ ನಾವು ಏಳು ಜನ ಹೆಂಗಸರು ತಿಂಗಳಿಗೊಮ್ಮೆ ಹೊರಡುತ್ತೇವೆ. ಗುಳೇದಗುಡ್ಡದ ಕಡೆ, ಬಾದಾಮಿ, ಪಟ್ಟದಕಲ್ಲಿನ ಹತ್ತಿರದ ಹುಲಿಗೆಮ್ಮನ ಕೊಳ್ಳ. ಒಬ್ಬೊಬ್ಬರೇ ಹೋಗುವುದಿಲ್ಲ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಮನೆಯಲ್ಲಿ ಬರೆದಿಟ್ಟು ಹೋಗುತ್ತೇವೆ. ದಾರಿಯಲ್ಲಿ ಶೌಚಾಲಯ ಇರುವುದಿಲ್ಲ ಅಂತ ನೀರು ಕುಡಿಯದೆ ಹೋಗುವ ಹೆಂಗಸರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆ ಸುತ್ತಿ ಬೀಳುವುದು ಅಲ್ಲೇ. ಗುಂಪಿನಲ್ಲಿ ಹೋದರೆ ಒಬ್ಬರು ದುಪ್ಪಟ ಹಿಡಿದು ಮರೆ ಮಾಡುತ್ತಾರೆ, ಮುಗಿಯಿತು.

ಬುತ್ತಿ ಬಗ್ಗೆ ಹೇಳದಿದ್ದರೆ ಹೇಗೆ? ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಎರಡು ದಿನ ಇಟ್ಟರೂ ಕೆಡುವುದಿಲ್ಲ, ತೂಕವೂ ಇಲ್ಲ. ಜೊತೆಗೆ ಅಮೀನಗಡದ ಕರದಂಟು ಒಂದೆರಡು ತುಂಡು. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ. ಏರುವಾಗ ಸುಸ್ತಾದರೆ ಬಾಯಿಗೆ ಹಾಕಿಕೊಳ್ಳಲು ಅದಕ್ಕಿಂತ ಬೇಕಾ? ಪ್ಯಾಕೆಟ್ಟಿನ ಎನರ್ಜಿ ಬಾರ್ ನನಗೆ ಬೇಕೆನಿಸಿಲ್ಲ. ಆದರೆ ಬಾದಾಮಿಯಲ್ಲಿ ಬುತ್ತಿಯನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಮಂಗಗಳು ಕಿತ್ತುಕೊಂಡು ಹೋಗುತ್ತವೆ.

ಕೀಲು ಮತ್ತು ಸ್ನಾಯು (ಬೆಳಗಾವಿ)

ನಾನು ಫಿಸಿಯೊಥೆರಪಿಸ್ಟ್. ಮೂಲ ಪ್ರಶ್ನೆ ಕೇಳಿದವರಿಗೆ ಎರಡು ವಿಷಯ.

ನಿಮಗೆ ಎರಡು ದಿನ ಆದ ನೋವು ಸಾಮಾನ್ಯವಾದದ್ದು. ರೂಢಿಯಿಲ್ಲದ ಇಳಿಜಾರು ಇಳಿದಾಗ ಸ್ನಾಯು ನೋವು ತಕ್ಷಣ ಕಾಣಿಸುವುದಿಲ್ಲ. 24ರಿಂದ 72 ಗಂಟೆಯೊಳಗೆ ಜಾಸ್ತಿಯಾಗಿ ಆಮೇಲೆ ತಾನೇ ಇಳಿಯುತ್ತದೆ. ಅದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಒಂದು ಸಲ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹಾಗಾಗಿ ದೊಡ್ಡ ಚಾರಣಕ್ಕೆ ಎರಡು ವಾರ ಮೊದಲು ಒಂದು ಸಣ್ಣ ಇಳಿಜಾರು ಇಳಿದು ಬನ್ನಿ. ಮೈಗೆ ಅದು ನೆನಪಿರುತ್ತದೆ.

ಆದರೆ ಎಲ್ಲ ನೋವೂ ಇದೇ ಅಂದುಕೊಳ್ಳಬೇಡಿ. ಮೊಣಕಾಲು ಊದಿಕೊಂಡರೆ, ಮಡಚಿದಾಗ ಸಿಕ್ಕಿಹಾಕಿಕೊಂಡರೆ, ನಿಂತಾಗ ಕುಸಿದಂತೆ ಆದರೆ, ಒಂದೇ ಜಾಗದಲ್ಲಿ ಚುಚ್ಚಿದರೆ, ಅದು ಸ್ನಾಯುವಿನ ಆಯಾಸವಲ್ಲ. ಬಂದು ತೋರಿಸಿ. ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು ಬಂದರೆ ಒಂದು ಹೆಜ್ಜೆಯೂ ಮುಂದಿಡದೆ ಸಹಾಯ ಕೇಳಿ. ಬಿ.ಪಿ., ಶುಗರ್ ಇದ್ದವರು, 40 ದಾಟಿದವರು ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಳ್ಳಿ.

ಇಳಿಯುವಾಗ ಕೋಲು ಹಿಡಿಯಲು ನಾಚಿಕೆ ಬೇಡ. ಮೊಣಕಾಲಿನ ಮೇಲಿನ ಹೊರೆ ಚೆನ್ನಾಗಿಯೇ ಕಡಿಮೆಯಾಗುತ್ತದೆ. ನಮ್ಮ ಕುರಿಗಾರರು ಬಡಿಗೆ ಇಲ್ಲದೆ ಹೊರಡುವುದನ್ನು ನೋಡಿದ್ದೀರಾ? ಹೆಜ್ಜೆ ಸಣ್ಣದಿರಲಿ. ಮೊಣಕಾಲನ್ನು ಪೂರ್ತಿ ನೆಟ್ಟಗೆ ಮಾಡಿ ಕುಕ್ಕಬೇಡಿ, ಸ್ವಲ್ಪ ಬಾಗಿರಲಿ. ಹೊರಡುವ ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿ. ಇಳಿಯುವಾಗ ಬೆರಳು ಬೂಟಿನ ಮೂತಿಗೆ ಬಡಿದು ಉಗುರು ಕಪ್ಪಾಗುವುದು ಇದೇ ಕಾರಣಕ್ಕೆ.

ಗುಮ್ಮಟದೂರಿನವ (ವಿಜಯಪುರ)

ಎಲ್ಲರಿಗೂ ತುಂಬಾ ಧನ್ಯವಾದ. ಟ್ರೇನರ್ ಸರ್, ನಿನ್ನೆ ಸ್ಟೆಪ್-ಡೌನ್ ಮಾಡಿದೆ. ಎಡಗಾಲು ಆರಕ್ಕೇ ನಡುಗಿತು, ಬಲಗಾಲು ಒಂಬತ್ತಕ್ಕೆ. ಎರಡು ವರ್ಷದಲ್ಲಿ ಎಡಗಾಲು ಇಷ್ಟು ಹಿಂದಿದೆ ಅಂತ ನನಗೆ ಗೊತ್ತೇ ಆಗಿರಲಿಲ್ಲ.

ಒಂದು ತೊಂದರೆ. ನಮ್ಮ ವಿಜಯಪುರ ರೊಟ್ಟಿ ಹಂಚಿನ ಹಾಗೆ ಸಮ. ಗುಡ್ಡ ಎಲ್ಲಿಂದ ತರಲಿ?

ಬಾದಾಮಿ ಮಾಸ್ತರ (ಬಾದಾಮಿ)

ನಿಮ್ಮೂರಿನಲ್ಲಿ ಗುಡ್ಡ ಇಲ್ಲದಿದ್ದರೇನು, ಆದಿಲ್‌ಶಾಹಿಗಳು ಕಟ್ಟಿಟ್ಟು ಹೋಗಿದ್ದಾರಲ್ಲ. ಉಪ್ಲಿ ಬುರುಜು ಸುಮಾರು 24 ಮೀಟರ್ ಎತ್ತರ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು. ನಾಲ್ಕು ಸಲ ಹತ್ತಿ ಇಳಿದರೆ ನೂರು ಮೀಟರಿನ ಹತ್ತಿರ ಹತ್ತಿದಿರಿ, ಅಷ್ಟೇ ಇಳಿದಿರಿ. ಟ್ರೆಡ್‌ಮಿಲ್ ಹತ್ತಿಸುತ್ತದೆ, ಇಳಿಸುವುದಿಲ್ಲ. ಬುರುಜು ಎರಡನ್ನೂ ಕೊಡುತ್ತದೆ. ಗೋಳಗುಮ್ಮಟದ ಮೂಲೆಯ ಗೋಪುರಗಳಲ್ಲೂ ಏಳು ಅಂತಸ್ತು ಇವೆ. ಆದರೆ ಅಲ್ಲಿ ಮೆಟ್ಟಿಲು ಕಿರಿದು, ಪ್ರವಾಸಿಗರು ಜಾಸ್ತಿ. ಅದನ್ನು ವ್ಯಾಯಾಮದ ಜಾಗ ಮಾಡಬೇಡಿ, ನಿಧಾನವಾಗಿ ಒಂದು ಸಲ ಹತ್ತಿ, ಪಿಸುಗುಟ್ಟುವ ಮೊಗಸಾಲೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿ. ಆಫೀಸಿನ ಮೆಟ್ಟಿಲು ಹೇಗೂ ಇದೆ.

ಬೆನ್ನಿಗೆ ಚೀಲ ರೂಢಿಯಾಗಲಿ. 3 ಕೆ.ಜಿ. ಅಕ್ಕಿ ತುಂಬಿ ಶುರು ಮಾಡಿ, 8 ಕೆ.ಜಿ.ಗೆ ನಿಲ್ಲಿಸಿ. ಮಗಳ ನೀರು, ತಿಂಡಿ, ಟೋಪಿ ಎಲ್ಲ ನೀವೇ ಹೊರಬೇಕಲ್ಲ.

ಈಗ ನಿಮ್ಮ ಮಗಳ ಪ್ರಶ್ನೆಗೆ ಬರುತ್ತೇನೆ. ಆ ಗುಡ್ಡದ ಹಿಂದೆ ಸಿಡಿಲಫಡಿ ಇದೆ. ಬಾದಾಮಿಯಿಂದ ಮೂರ್ನಾಲ್ಕು ಕಿ.ಮೀ. ಕಾಲುದಾರಿ, ಹಾಸುಬಂಡೆ ಮತ್ತು ಕುರುಚಲು ಗಿಡಗಳ ನಡುವೆ. ಮರಳುಗಲ್ಲು ಕೊರೆದು ಆದ ದೊಡ್ಡ ಕಮಾನಿನಂಥ ಬಂಡೆ. ಮಾಡಿನಲ್ಲಿ ತೂತು ಬಿದ್ದಿದೆ. ಸಿಡಿಲು ಬಡಿದು ಆಯಿತು ಅಂತ ಹಿರಿಯರು ಹೇಳುತ್ತಾರೆ, ಹೆಸರೂ ಅದರಿಂದಲೇ. ಆ ಬಂಡೆಯ ಆಸರೆಯಲ್ಲಿ ಇತಿಹಾಸಪೂರ್ವ ಕಾಲದ ಮನುಷ್ಯರು ಬರೆದ ಚಿತ್ರಗಳಿವೆ. ಮೇಣಬಸದಿಯ ಮೂರನೆಯ ಗುಹೆಯಲ್ಲಿ 578ರ ಶಾಸನ ಇದೆ ಅಂತ ನಾವು ಹೆಮ್ಮೆಯಿಂದ ತೋರಿಸುತ್ತೇವೆ. ಸಿಡಿಲಫಡಿಯ ಚಿತ್ರಗಳು ಅದಕ್ಕಿಂತ ಎಷ್ಟೋ ಹಳೆಯವು. ಬಾದಾಮಿಗೆ ಬರುವ ಬಸ್ಸುಗಟ್ಟಲೆ ಜನರಲ್ಲಿ ಅಲ್ಲಿಗೆ ಹೋಗುವವರು ಬೆರಳೆಣಿಕೆ. ಕಾಲು ಇದ್ದವರಿಗೆ ಮಾತ್ರ ಕಾಣುವ ಬಾದಾಮಿ ಅದು.

ದಾರಿ ಗುರುತು ಸರಿಯಾಗಿಲ್ಲ, ಬಂಡೆಯಿಂದ ಬಂಡೆಗೆ ಹೋಗುವಾಗ ತಪ್ಪುತ್ತದೆ. ಊರಿನವರು ಯಾರನ್ನಾದರೂ ಜೊತೆಗೆ ಕರೆದುಕೊಳ್ಳಬೇಕು. ನವೆಂಬರ್ ಕಳೆದ ಮೇಲೆ ಬನ್ನಿ, ನಾನೇ ಬರುತ್ತೇನೆ.

ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಎ.ಸಿ. ಜಿಮ್ಮಿನಲ್ಲಿ ಬೆವರಿದ ಮೈಗೆ ನಮ್ಮ ಬಂಡೆಯ ಕಾವು ಗೊತ್ತಿರುವುದಿಲ್ಲ. ಮೇಲಿನಿಂದ ಸೂರ್ಯ, ಕೆಳಗಿನಿಂದ ಬಂಡೆ. ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ದಿನಾ ಸ್ವಲ್ಪ ಹೊತ್ತು ಹೊರಗೆ ನಡೆಯಿರಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವಾಗ ಗುಡ್ಡದ ಹಂಬಲವೇ ಬೇಡ. ಚಳಿಗಾಲದಲ್ಲೂ ಗಂಟೆಗೆ ಅರ್ಧ ಲೀಟರ್ ನೀರಿನ ಲೆಕ್ಕ ಇಟ್ಟುಕೊಳ್ಳಿ. ಬಹಳ ಬೆವರಿದರೆ ಬರೀ ನೀರು ಸಾಲದು. ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚವನ್ನು ರಾಶಿ ತುಂಬಬೇಡಿ, ಅಂಚಿಗೆ ಸಮ ಮಾಡಿ ಅಳೆಯಿರಿ. ಇಲ್ಲವೇ ಉಪ್ಪು ಹಾಕಿದ ನೀರು ಮಜ್ಜಿಗೆ.

ಓಟಗಾರ (ಬೆಳಗಾವಿ)

ಒಳ್ಳೆಯ ಚರ್ಚೆ. ನನಗೆ 23. ನಾನು ಜಿಮ್ ಜೊತೆಗೆ ಓಡುತ್ತೇನೆ. ಯಳ್ಳೂರಿನ ರಾಜಹಂಸಗಡದ ಏರನ್ನು ವಾರಕ್ಕೆರಡು ಸಲ ಓಡಿ ಹತ್ತುತ್ತೇನೆ. ಮುಂದೆ ಖಾನಾಪುರದ ಕಾಡಿನಲ್ಲಿ, ಜಾಂಬೋಟಿ ಆಚೆ, ಗೆಳೆಯರು ಸೇರಿ ಟೈಮ್ ಇಟ್ಟುಕೊಂಡು ಓಡಬೇಕು ಅಂತ ಇದೆ. ಮಳೆ ಇರುವಾಗಲೇ ಹೋದರೆ ಜಲಪಾತಗಳೂ ಸಿಗುತ್ತವೆ. ದಾರಿ ಗೊತ್ತಿರುವವರು ಹೇಳಿ.

ಕಣಕುಂಬಿ ಕಡೆಯವ (ಖಾನಾಪುರ ತಾಲೂಕು)

ತಮ್ಮಾ, ಸಿಟ್ಟಿನಿಂದ ಹೇಳುತ್ತಿಲ್ಲ. ಆದರೆ ನಿನಗೆ ಆ ದಾರಿ ಹೇಳುವುದಿಲ್ಲ.

ನೀನು ಹೇಳುವ ಕಡೆ ಇರುವ ಭೀಮಗಡ 2011ರಿಂದ ವನ್ಯಜೀವಿ ಧಾಮ. ಸುಮಾರು 190 ಚದರ ಕಿ.ಮೀ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ. ಅಲ್ಲಿ ಕರಡಿ ಇದೆ, ಕಾಡುಕೋಣ ಇದೆ, ಚಿರತೆ ಇದೆ. ಹುಲಿ ಓಡಾಡುವ ದಾರಿ ಅದು. ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪದ ಬಾವಲಿ ಇದೆ. ಹತ್ತು ಜನ ಹುಡುಗರು ಕೂಗುತ್ತಾ ಓಡಿದರೆ ಕಾಡುಕೋಣ ಏನು ಮಾಡುತ್ತದೆ ಅಂತ ನಾನು ನೋಡಿದ್ದೇನೆ. ಕರಡಿ ತಿರುವಿನಲ್ಲಿ ತಟ್ಟನೆ ಎದುರಾದರೆ ಹಾಯುತ್ತದೆ. ನಡೆಯುವವನಿಗೆ ಅದರ ಸಪ್ಪಳ ಕೇಳುತ್ತದೆ, ಓಡುವವನಿಗೆ ತನ್ನ ಉಸಿರು ಮಾತ್ರ ಕೇಳುತ್ತದೆ.

ಮಳೆಗಾಲ ಅಂದೆಯಲ್ಲ. ನಮ್ಮ ಕಡೆ ಮಳೆ ಅಂದರೆ ಬೆಳಗಾವಿ ಪೇಟೆಯ ಮಳೆ ಅಲ್ಲ. ಬೆಳಿಗ್ಗೆ ದಾಟಿದ ಹಳ್ಳ ಮಧ್ಯಾಹ್ನಕ್ಕೆ ದಾಟಲು ಬಿಡುವುದಿಲ್ಲ. ಕೆಂಪು ಮಣ್ಣು ಎಣ್ಣೆ ಸುರಿದ ಹಾಗೆ ಜಾರುತ್ತದೆ. ಮಾಂಸಖಂಡ ಎಷ್ಟಿದ್ದರೂ ನೀರಿನ ಸೆಳೆತಕ್ಕೆ ಲೆಕ್ಕವಿಲ್ಲ. ಪ್ರತಿ ವರ್ಷ ಜಲಪಾತದ ಬಾಯಲ್ಲಿ ಫೋಟೊ ತೆಗೆಯಲು ಹೋಗಿ ಹುಡುಗರು ಜೀವ ಕಳೆದುಕೊಳ್ಳುತ್ತಾರೆ. ಹುಡುಕಲು ಹಗ್ಗ ಹಿಡಿದು ಇಳಿಯುವವರು ನಮ್ಮ ಊರಿನವರೇ. ಅದಕ್ಕೇ ಮಳೆ ಜೋರಿದ್ದಾಗ ಜಲಪಾತಗಳಿಗೆ ಬಿಡುವುದಿಲ್ಲ. ಆ ನಿಷೇಧವನ್ನು ಗೌರವಿಸಿ.

ಇನ್ನೊಂದು ಮಾತು. ಆಮಗಾಂವ, ಗವಾಳಿಯಂಥ ಊರುಗಳಲ್ಲಿ ಜನ ರೇಷನ್ನಿಗೆ, ಆಸ್ಪತ್ರೆಗೆ ಕಾಡು ದಾಟಿ ನಡೆಯುತ್ತಾರೆ. ಮಳೆಗಾಲದಲ್ಲಿ ಕಾಯಿಲೆಯವರನ್ನು ಹೆಗಲ ಮೇಲೆ ಹೊತ್ತು ದಾಟಿಸಿದ್ದಾರೆ. ನಿಮಗೆ ಅದು ಸಾಹಸದ ದಾರಿ, ಅವರಿಗೆ ಬದುಕಿನ ದಾರಿ. ಅಲ್ಲಿ ಬಾಟಲಿ ಎಸೆಯುವಾಗ, ಹಾಡು ಹಾಕುವಾಗ ಇದು ನೆನಪಿರಲಿ.

ಬರಬೇಡ ಅನ್ನುತ್ತಿಲ್ಲ. ಅಕ್ಟೋಬರ್ ನಂತರ ಬಾ, ಅನುಮತಿ ಪಡೆದು ಇಲಾಖೆಯವರ ಜೊತೆ ಬಾ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಇದೇ ನೀರು ಸವದತ್ತಿಯ ನವಿಲುತೀರ್ಥ ದಾಟಿ, ಮಾಸ್ತರ ತಾಲೂಕಿನ ಪಟ್ಟದಕಲ್ಲಿನ ಪಕ್ಕ ಹರಿದು, ಐಹೊಳೆ ಮುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಹುಟ್ಟಿದ ಜಾಗದಲ್ಲಿ ಅದು ಸಣ್ಣ ಕುಂಡದ ನೀರು. ಅದನ್ನು ನೋಡಲು ಓಡಬೇಕಾಗಿಲ್ಲ.

ಓಟಗಾರ (ಬೆಳಗಾವಿ)

ಅಣ್ಣಾ, ಸರಿ. ನಾನು ಇದನ್ನೆಲ್ಲ ಯೋಚಿಸಿರಲಿಲ್ಲ. ಓಟ ರಾಜಹಂಸಗಡದ ರಸ್ತೆಗೇ ಇರಲಿ. ನವೆಂಬರ್‌ನಲ್ಲಿ ನಾಲ್ಕು ಜನ ಬರುತ್ತೇವೆ, ನಡೆಯಲು. ಜಿಗಣೆ ಆಗ ಇರುತ್ತದಾ?

ಕಣಕುಂಬಿ ಕಡೆಯವ (ಖಾನಾಪುರ ತಾಲೂಕು)

ನೆಲ ಒಣಗಿದಷ್ಟೂ ಕಡಿಮೆ. ಹತ್ತಿದರೆ ಎಳೆದು ಕೀಳಬೇಡಿ, ಉಗುರಿನಿಂದ ಅದರ ಬಾಯಿಯ ಹತ್ತಿರ ಸರಿಸಿದರೆ ಬಿಡುತ್ತದೆ. ಉದ್ದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ಹಾವಿನ ಬಗ್ಗೆ ಜಾಸ್ತಿ ಎಚ್ಚರ ಇರಲಿ. ಕಾಣದ ಜಾಗಕ್ಕೆ ಕೈ ಹಾಕಬೇಡಿ, ಕಾಲು ಇಡಬೇಡಿ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಆ ಕಾಲನ್ನು ಅಲ್ಲಾಡಿಸದೆ ಹೊತ್ತುಕೊಂಡು ಆಸ್ಪತ್ರೆಗೆ ಸಾಗಿಸಬೇಕು.

ಬಾದಾಮಿ ಮಾಸ್ತರ (ಬಾದಾಮಿ)

ನಮ್ಮ ಬಂಡೆಗಳಿಗೂ ಇದು ಅನ್ವಯಿಸುತ್ತದೆ. ಇದರ ಜೊತೆಗೆ ಹೆಜ್ಜೇನು ಬೇರೆ. ಬಂಡೆಯ ಚಾಚಿನ ಕೆಳಗೆ ಕಟ್ಟಿರುತ್ತವೆ. ಕಲ್ಲು ಎಸೆಯುವುದು, ಹೊಗೆ ಮಾಡುವುದು, ಘಾಟು ಸೆಂಟು ಹಾಕಿಕೊಂಡು ಬರುವುದು ಬೇಡ.

ಟಿಳಕವಾಡಿ ಟ್ರೇನರ್ (ಬೆಳಗಾವಿ)

ಸಮಯದ ಅಂದಾಜಿಗೆ ಒಂದು ಹಳೆಯ ಸೂತ್ರ ಹೇಳುತ್ತೇನೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು. 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 8 ಕಿ.ಮೀ. ದಾರಿ, 300 ಮೀಟರ್ ಏರು ಇದ್ದರೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಇದು ಗಟ್ಟಿ ಕಾಲಿನವರ, ನಿಲ್ಲದೆ ನಡೆಯುವವರ ಲೆಕ್ಕ. ಮಗು ಜೊತೆಗಿದ್ದರೆ, ನಿಂತು ನೋಡುತ್ತಾ ಹೋದರೆ ಎರಡರಷ್ಟು ಇಟ್ಟುಕೊಳ್ಳಿ. ಕತ್ತಲಾಗುವ ಎರಡು ಗಂಟೆ ಮೊದಲು ಕೆಳಗಿರಬೇಕು.

ಗುಮ್ಮಟದೂರಿನವ (ವಿಜಯಪುರ)

ಹನ್ನೊಂದು ವಾರ ಆಯಿತು. ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಜಿಮ್ಮನ್ನು ಐದು ದಿನದಿಂದ ಮೂರಕ್ಕೆ ಇಳಿಸಿದೆ. ತೋಳಿಗೆ ಅಂತಲೇ ಇದ್ದ ದಿನ ತೆಗೆದುಹಾಕಿದೆ. ಎರಡು ದಿನ ಕಾಲು, ಬೆನ್ನು, ಸೊಂಟ. ಒಂದು ದಿನ ಇನ್‌ಕ್ಲೈನ್ ನಡಿಗೆ, ಕೊನೆಗೆ 50 ನಿಮಿಷದ ತನಕ ಬಂತು. ಭಾನುವಾರ ಬೆಳಿಗ್ಗೆ ಅಕ್ಕಿ ಚೀಲ ಹೊತ್ತು ಉಪ್ಲಿ ಬುರುಜು. ಮೊದಲ ವಾರ ಮೂರು ಸಲ, ಹತ್ತನೆಯ ವಾರ ಹನ್ನೆರಡು ಸಲ. ಬಸ್ಕಿ ಅರವತ್ತಕ್ಕೆ ಬಂದಿದೆ ಕಾಕಾ. ನಾಲ್ಕನೆಯ ವಾರ ಎಡ ಮೊಣಕಾಲಿನ ಕೆಳಗೆ ಒಂದೇ ಕಡೆ ನೋವು ಬಂತು. ‘ಕೀಲು ಮತ್ತು ಸ್ನಾಯು’ ಮೇಡಂ ಹೇಳಿದ್ದು ನೆನಪಾಗಿ ಇಲ್ಲೇ ಒಬ್ಬರು ಫಿಸಿಯೊ ಹತ್ತಿರ ತೋರಿಸಿದೆ. ಒಂದೇ ಸಲಕ್ಕೆ ಭಾರ ಜಾಸ್ತಿ ಏರಿಸಿದ್ದೆ. ಹತ್ತು ದಿನ ಕಡಿಮೆ ಮಾಡಿದೆ, ಹೋಯಿತು.

ನನ್ನ ಸ್ಕ್ವಾಟ್ ಈಗ 80ರಲ್ಲಿದೆ. ಮೊದಲಾಗಿದ್ದರೆ ಈ ಸಂಖ್ಯೆ ಇಳಿದದ್ದಕ್ಕೆ ನಿದ್ದೆ ಬರುತ್ತಿರಲಿಲ್ಲ.

ಮೊನ್ನೆ ಭಾನುವಾರ ಮಾಸ್ತರು ಹೇಳಿದ ಹಾಗೆ ನಸುಕಿನಲ್ಲೇ ಬಾದಾಮಿಯಲ್ಲಿದ್ದೆವು. ನಾನು, ಮಗಳು, ಮಾಸ್ತರು, ನವನಗರದ ಅಕ್ಕ ಮತ್ತು ಅವರ ಇಬ್ಬರು ಗೆಳತಿಯರು. ಬಂಡೆ ಇನ್ನೂ ತಣ್ಣಗಿತ್ತು. ಹತ್ತುತ್ತಾ ಮಗಳ ಜೊತೆ ಮಾತಾಡುತ್ತಲೇ ಇದ್ದೆ. ಅರ್ಧ ದಾರಿ ಬಂದ ಮೇಲೆ ಗೊತ್ತಾಯಿತು, ಒಮ್ಮೆಯೂ ನಿಂತಿಲ್ಲ ಅಂತ. ಹಾಸುಬಂಡೆಯ ಮೇಲೆ ಸಣ್ಣ ಮರಳು ಇರುತ್ತದೆ, ಅಲ್ಲಿ ಜಾರುತ್ತದೆ ಅಂತ ಮಾಸ್ತರು ತೋರಿಸಿಕೊಟ್ಟರು. ಪಾದವನ್ನು ಪೂರ್ತಿ ಊರಿ ನಡೆದೆವು.

ಸಿಡಿಲಫಡಿಯ ಕೆಳಗೆ ನಿಂತಾಗ ಮಾಡಿನ ತೂತಿನಿಂದ ಬೆಳಕು ಬೀಳುತ್ತಿತ್ತು. ಮಗಳು ಬಂಡೆಯ ಮೇಲೆ ಗೀಚಿದಂತಿದ್ದ ಮನುಷ್ಯರನ್ನು, ಪ್ರಾಣಿಗಳನ್ನು ಒಂದೊಂದಾಗಿ ಹುಡುಕಿ ಎಣಿಸಿದಳು. ಮುಟ್ಟಬಾರದು ಅಂತ ಮಾಸ್ತರು ಹೇಳಿದ್ದರು, ಕೈ ಹಿಂದೆ ಕಟ್ಟಿಕೊಂಡೇ ನೋಡಿದಳು. ‘ಇವರು ಇಲ್ಲಿಗೆ ದಿನಾ ಹತ್ತಿ ಬರುತ್ತಿದ್ದರಾ?’ ಎಂದು ಕೇಳಿದಳು. ಅಕ್ಕ ಕೊಟ್ಟ ರೊಟ್ಟಿ ತಿಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಗಾಳಿ ಬಿಟ್ಟರೆ ಬೇರೆ ಸಪ್ಪಳ ಇರಲಿಲ್ಲ.

ಇಳಿಯುವಾಗ ಅವಳಿಗೆ ಸುಸ್ತಾಯಿತು. ಕಡಿದಾದ ಎರಡು ಕಡೆ ನಾನು ಅವಳ ಕೈ ಹಿಡಿದು ಇಳಿಸಿದೆ. ಕಾಲು ನಡುಗಲಿಲ್ಲ.

ಮಾಸ್ತರೇ, ಅಲ್ಲಿಂದ ವಾಪಸ್ಸು ಬರುವಾಗ ಮಹಾಕೂಟದ ಗುಡಿಗಳಿಗೂ ಗುಡ್ಡದ ಮೇಲಿನ ಕಾಲುದಾರಿ ಇದೆ ಅಂದಿರಿ. ಅದು ಮಗಳಿಗೆ ಆಗುತ್ತದಾ? ಅವಳು ಈಗಲೇ ತಾರೀಕು ಕೇಳುತ್ತಿದ್ದಾಳೆ.

ಬಾದಾಮಿ ಮಾಸ್ತರ (ಬಾದಾಮಿ)

ಆಗುತ್ತದೆ. ಹಳೆಯ ಕಾಲದಿಂದ ಜನ ನಡೆದ ದಾರಿ. ಸಿಡಿಲಫಡಿಗೆ ಬಂದವಳಿಗೆ ಅದು ಕಷ್ಟ ಅಲ್ಲ. ಹೋಗುವಾಗ ನಡೆಯೋಣ, ಬರುವಾಗ ಅಲ್ಲಿಂದ ಆಟೊದಲ್ಲಿ ಬಂದರಾಯಿತು. ಬಿಸಿಲು ಏರುವ ಮೊದಲು ಇಳಿದುಬಿಡಬೇಕು, ಆದ್ದರಿಂದ ಹಿಂದಿನ ರಾತ್ರಿಯೇ ಬಾದಾಮಿಗೆ ಬನ್ನಿ. ಕೆಳಗೆ ವಿಷ್ಣು ಪುಷ್ಕರಣಿಯಲ್ಲಿ ಒರತೆಯ ನೀರು ಇರುತ್ತದೆ, ಮಕ್ಕಳು ನೋಡಿದರೆ ಇಳಿಯದೆ ಬಿಡುವುದಿಲ್ಲ. ಅವಳಿಗೆ ಇನ್ನೊಂದು ಜೊತೆ ಬಟ್ಟೆ ತನ್ನಿ.